ನಕ್ಷೆಯಲ್ಲಿ ನಿಂತಿದ್ದ ಅಪ್ಪ

ಸ್ಪರ್ಧೆಯ ನಿಯಮಗಳನ್ನು ಬರೆದವಳು ಅವಳೇ. ಯಾರು ಭಾಗವಹಿಸಬಾರದು ಎಂಬ ಕಡೆ, ತೀರ್ಪುಗಾರರ ಮತ್ತು ಸಂಘಟಕರ ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಂದು ಬರೆದಿದ್ದಳು. ಅಷ್ಟಕ್ಕೇ ಸಮಾಧಾನವಾಗದೆ, ಒಡಹುಟ್ಟಿದವರು ಕೆಲಸ ಮಾಡುವ ಕಚೇರಿಗಳೂ ಸಲ್ಲವು ಎಂದು ಸೇರಿಸಿದ್ದಳು. ಇಷ್ಟು ಬಿಗಿ ಯಾಕೆ ಎಂದು ಸ್ಪರ್ಧೆಯ ವಕೀಲರಮ್ಮ ಕೇಳಿದಾಗ, ನನಗೂ ಒಬ್ಬ ತಮ್ಮ ಇದ್ದಾನಲ್ಲ ಎಂದಿದ್ದಳು. ಕಚೇರಿಯವರು ಅವಳಿಗೆ ಹೆಡ್‌ಮಿಸ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ನಗರಕ್ಕೊಂದು ಹೊಸ ಗ್ರಂಥಾಲಯ ಬೇಕಾಗಿತ್ತು. ಅದರ ವಿನ್ಯಾಸಕ್ಕಾಗಿ ಅಂತರರಾಷ್ಟ್ರೀಯ ಸ್ಪರ್ಧೆ. ಹೊರಗಿನವರಿಗೆ ಸ್ಪರ್ಧೆಯೆಂದರೆ ಒಂದು ಪ್ರಕಟಣೆ, ಒಂದು ಬಹುಮಾನ, ಒಂದು ಫೋಟೋ. ಅವಳಿಗೆ ಅದು ಒಂದೂವರೆ ವರ್ಷದ ಸಂಸಾರ. ಓದುವ ಕೋಣೆ ಎಷ್ಟು ದೊಡ್ಡದಿರಬೇಕು, ನಿವೇಶನದ ಹಳೆಯ ಮರಗಳಲ್ಲಿ ಯಾವುದನ್ನೂ ಕಡಿಯಬಾರದು ಎಂಬುದರಿಂದ ಹಿಡಿದು ಕಸದ ಗಾಡಿ ಎಲ್ಲಿ ತಿರುಗಬೇಕೆಂಬುದರವರೆಗೆ ಎಲ್ಲವನ್ನೂ ಬರೆದು ಲೋಕಕ್ಕೆಲ್ಲ ಹಂಚಬೇಕು. ಆಮೇಲೆ ಲೋಕವೆಲ್ಲ ಪ್ರಶ್ನೆ ಕೇಳುತ್ತದೆ. ಮರ ಕಡಿಯಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ, ಒಂದೇ ಒಂದು ಮರ ಕಡಿಯಬಹುದೇ ಎಂದು ಹದಿನೈದು ದೇಶಗಳಿಂದ ಪತ್ರ ಬರುತ್ತದೆ. ಒಬ್ಬರಿಗೆ ಕೊಟ್ಟ ಉತ್ತರವನ್ನು ಎಲ್ಲರಿಗೂ ಕೊಡಬೇಕು. ಯಾರೊಬ್ಬರಿಗೂ ಒಂದು ಮಾತು ಹೆಚ್ಚು ಹೇಳಬಾರದು, ಒಂದು ಮಾತು ಕಡಿಮೆ ಹೇಳಬಾರದು.

ಇಂಥ ಸ್ಪರ್ಧೆಯ ಜೀವವಿರುವುದೇ ಹೆಸರಿಲ್ಲದಿರುವುದರಲ್ಲಿ. ನಕ್ಷೆಯ ಹಾಳೆಯ ಮೇಲೆ ಹೆಸರಿಲ್ಲ, ಊರಿಲ್ಲ, ಬರೀ ಒಂದು ಸಂಖ್ಯೆ. ಹೆಸರು ಬರೆದ ಚೀಟಿ ಅಂಟಿಸಿದ ಲಕೋಟೆಯಲ್ಲಿ ಬೇರೆಯಾಗಿ ಬರುತ್ತದೆ. ಲಕೋಟೆಗಳೆಲ್ಲ ವಕೀಲರಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಅವರ ಕುತ್ತಿಗೆಯ ದಾರದಲ್ಲಿ. ತೀರ್ಪಿಗೆ ಸಹಿ ಬಿದ್ದ ಮೇಲೆಯೇ ಪೆಟ್ಟಿಗೆ ತೆರೆಯುವುದು. ಅಲ್ಲಿಯವರೆಗೆ ತೀರ್ಪುಗಾರರದೂ ಸಂಘಟಕರದೂ ಫೋನುಗಳು ವಕೀಲರಮ್ಮನ ಚೀಲದಲ್ಲಿ ಮಲಗಿರುತ್ತವೆ.

ತಮ್ಮನಿಗೆ ಇದೆಲ್ಲ ಗೊತ್ತಿತ್ತು. ಅವನೂ ವಾಸ್ತುಶಿಲ್ಪಿ. ಬೇರೆ ದೇಶದಲ್ಲಿ, ಯಾರದೋ ದೊಡ್ಡ ಕಚೇರಿಯ ಒಂದು ಮೂಲೆಯಲ್ಲಿ ಆಸ್ಪತ್ರೆಗಳ ಶೌಚಾಲಯದ ನಕ್ಷೆ ಬರೆದುಕೊಂಡು ಕೂತಿದ್ದ. ರಜೆಯ ದಿನಗಳಲ್ಲಿ ಸ್ಪರ್ಧೆಗಳಿಗೆ ಕಳಿಸುವುದು ಅವನ ಚಟ. ವರ್ಷಗಳಿಂದ ಕಳಿಸುತ್ತಿದ್ದರೂ ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ. ಹೋದ ವರ್ಷ ಫೋನಿನಲ್ಲಿ, ಅಕ್ಕ, ನಿನ್ನ ಗ್ರಂಥಾಲಯಕ್ಕೂ ಒಂದು ಕಳಿಸ್ತೀನಿ, ಹೆಸರೇ ಇರಲ್ವಲ್ಲ, ಯಾರಿಗೆ ಗೊತ್ತಾಗುತ್ತೆ ಎಂದು ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಕಳಿಸಿ ನೋಡು, ನಾನೇ ಹರಿದು ಹಾಕ್ತೀನಿ ಎಂದಿದ್ದಳು. ಅವನಿಗೆ ನೋವಾಗಿತ್ತೇನೋ. ಅಂದಿನಿಂದ ಅವರ ಮಾತೆಲ್ಲ ಅಪ್ಪನ ಹಲ್ಲು, ಅಪ್ಪನ ಸಕ್ಕರೆ ಕಾಯಿಲೆ, ಅಪ್ಪ ಯಾರ ಜೊತೆ ಜಗಳವಾಡಿದ ಎಂಬಷ್ಟಕ್ಕೇ ನಿಂತಿತ್ತು.

ತೀರ್ಪಿನ ಸಭೆ ನಡೆಯುತ್ತಿದ್ದುದು ಮುಚ್ಚಿಹೋದ ಹಳೆಯ ಬಸ್ ಡಿಪೋದಲ್ಲಿ. ಬಸ್ಸುಗಳು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸಾಲು ಸಾಲು ಹಲಗೆಗಳು, ಹಲಗೆಗಳ ಮೇಲೆ ಮುನ್ನೂರಕ್ಕೂ ಹೆಚ್ಚು ಗ್ರಂಥಾಲಯಗಳು. ಎಷ್ಟು ತೊಳೆಸಿದರೂ ನೆಲದ ಎಣ್ಣೆಯ ಕಲೆ ಹೋಗಿರಲಿಲ್ಲ. ಮೊದಲ ಸುತ್ತಿನಲ್ಲಿ ಉದುರಿದವನ್ನು ಹಿಂದಿನ ಸಾಲುಗಳಿಗೆ ತಳ್ಳಿ, ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಎದುರಿಗೆ ನಾಲ್ಕು ಮಾತ್ರ ಉಳಿದಿದ್ದವು.

ತೀರ್ಪುಗಾರರು ಐವರು. ಅಧ್ಯಕ್ಷರು ಎತ್ತರದ ಮುದುಕರು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವವರು. ಇನ್ನು ಮೂವರು ವಾಸ್ತುಶಿಲ್ಪಿಗಳು, ಪರಸ್ಪರ ಎಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದರೆಂದರೆ ಒಬ್ಬರಿಗೊಬ್ಬರು ಸೇರುವುದಿಲ್ಲವೆಂದು ಯಾರಿಗಾದರೂ ತಿಳಿಯುವಂತಿತ್ತು. ಐದನೆಯವರು ಈಗಿನ ಸಣ್ಣ ಗ್ರಂಥಾಲಯವನ್ನು ನಡೆಸುತ್ತಿದ್ದ ಗ್ರಂಥಪಾಲಕಿ. ಹೆಡ್‌ಮಿಸ್ ತೀರ್ಪುಗಾರಳಲ್ಲ. ಅವಳೂ ಅವಳ ಸಹೋದ್ಯೋಗಿ ಇಂಜಿನಿಯರನೂ ಸೇರಿ ಪ್ರತಿ ನಕ್ಷೆಯ ವಿಸ್ತೀರ್ಣ, ಮೆಟ್ಟಿಲು, ಮರಗಳನ್ನು ಮುಂಚೆಯೇ ಅಳೆದು ವರದಿ ಮಾಡಿದ್ದರು. ಕೇಳಿದರೆ ವರದಿ ಓದಬೇಕು, ಕೇಳದಿದ್ದರೆ ಬಾಯಿಗೆ ಬೀಗ.

ನಾಲ್ಕರಲ್ಲಿ ಇನ್ನೂರ ಹದಿನಾಲ್ಕನೆಯದು ಗದ್ದಲವಿಲ್ಲದ ಕಟ್ಟಡ. ಬೀದಿಯೇ ಅದರ ಒಳಗೆ ನಡೆದುಬಂದು, ಮೆಟ್ಟಿಲಾಗಿ ಮೇಲೇರಿ, ಆ ಅಗಲ ಮೆಟ್ಟಿಲುಗಳೇ ಜನ ಕೂತು ಓದುವ ಜಾಗವಾಗಿದ್ದವು. ವಾಸ್ತುಶಿಲ್ಪಿಗಳು ಒಳ್ಳೆಯದೇ, ಆದರೆ ಪತ್ರಿಕೆಯಲ್ಲಿ ಹಾಕಲು ಒಂದು ಚಿತ್ರ ಸಿಗುವುದಿಲ್ಲ ಎಂದು ರಾಗ ಎಳೆಯುತ್ತಿದ್ದರು. ಆಗ ಗ್ರಂಥಪಾಲಕಿ ಒಳನೋಟದ ದೊಡ್ಡ ಚಿತ್ರದ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದರು. ಚಿತ್ರದಲ್ಲಿ ಮೆಟ್ಟಿಲ ಬುಡದಲ್ಲಿ ಒಬ್ಬ ಮನುಷ್ಯನ ಆಕೃತಿ ನಿಂತಿತ್ತು. ಕಟ್ಟಡ ಎಷ್ಟೆತ್ತರವೆಂದು ನೋಡುವವರಿಗೆ ಅಂದಾಜಾಗಲಿ ಎಂದು ವಾಸ್ತುಶಿಲ್ಪಿಗಳು ತಮ್ಮ ಚಿತ್ರಗಳಲ್ಲಿ ನಿಲ್ಲಿಸುವ ಆಳುಗಳಲ್ಲಿ ಒಂದು.

"ಈ ಮನುಷ್ಯ ನಂಗೆ ಗೊತ್ತು," ಎಂದರು ಗ್ರಂಥಪಾಲಕಿ. "ನಮ್ಮಲ್ಲಿಗೆ ದಿನಾ ಬರ್ತಾರೆ. ಪುಸ್ತಕ ಮುಟ್ಟಲ್ಲ. ಹೀಗೇ ಪೇಪರ್ ಕಂಕುಳಲ್ಲಿಟ್ಕೊಂಡು, ಕೈ ಹಿಂದೆ ಕಟ್ಕೊಂಡು, ಸೂರು ನೋಡ್ತಾ ನಿಂತಿರ್ತಾರೆ. ನೋಡಿ, ಮಿಕ್ಕಿದ ಚಿತ್ರದಲ್ಲೆಲ್ಲ ತೆಳ್ಳನೆ ಹುಡುಗೀರು ಸೈಕಲ್ ಹಿಡ್ಕೊಂಡು ನಿಂತಿದಾರೆ. ನಮ್ಮಲ್ಲಿಗೆ ಯಾವ ಸೈಕಲ್ ಹುಡುಗೀನೂ ಬರಲ್ಲ. ಗ್ರಂಥಾಲಯಕ್ಕೆ ಬರೋರು ಯಾರು ಅಂತ ಈ ನಕ್ಷೆ ಮಾಡಿದವನೊಬ್ಬನಿಗೇ ಗೊತ್ತಿರೋದು."

"ಮಾಡಿದವನೋ ಮಾಡಿದವಳೋ," ಎಂದು ಅಧ್ಯಕ್ಷರು ತಿದ್ದಿದರು. ಆದರೆ ಅವರೂ ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಬಗ್ಗಿದರು. ಉಳಿದ ಮೂವರೂ ಬಗ್ಗಿದರು. ಎಲ್ಲರ ಹಿಂದೆ ನಿಂತಿದ್ದ ಹೆಡ್‌ಮಿಸ್ ಕತ್ತು ಚಾಚಿದಳು.

ಅಪ್ಪ.

ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ಲಿಫ್ಟ್ ರಿಪೇರಿಯ ಚೀಲ ಹೊತ್ತು ಹೊತ್ತು ಇಳಿದ ಭುಜ. ಮೇಲೆ ಎಲ್ಲೋ ಏನೋ ಸದ್ದು ಬರುತ್ತಿದೆ ಎಂಬಂತೆ ಎತ್ತಿದ ಮೋರೆ. ಅಪ್ಪ ಜೀವಮಾನವಿಡೀ ನಿಂತದ್ದೇ ಹಾಗೆ, ನಿವೃತ್ತಿಯಾದ ಮೇಲೂ ಅವಳ ಮನೆಯ ಹಜಾರದಲ್ಲಿ ನಿಲ್ಲುವುದು ಹಾಗೆಯೇ. ಈ ಚಿತ್ರವನ್ನು ತಮ್ಮ ಓದುತ್ತಿದ್ದಾಗ ಊಟದ ಮೇಜಿನ ಮೇಲೆ ಕೂತು ಬರೆದಿದ್ದ. ಅಲುಗಬೇಡ ಅಂತ ಅವನು, ಕಾಲು ನೋಯುತ್ತೆ ಅಂತ ಅಪ್ಪ. ಆಮೇಲೆ ಅವನ ಯಾವ ನಕ್ಷೆ ನೋಡಿದರೂ ಒಂದು ಮೂಲೆಯಲ್ಲಿ ಅಪ್ಪ ನಿಂತಿರುತ್ತಿದ್ದ. ಕಾಲೇಜಿನ ಮೇಷ್ಟ್ರು, ಎಲ್ಲಿ ನಿಮ್ಮಪ್ಪ ಇನ್ನೂ ಬಂದಿಲ್ಲ ಎಂದು ಛೇಡಿಸುತ್ತಿದ್ದರಂತೆ.

ಹುಚ್ಚ ಕಳಿಸಿಯೇಬಿಟ್ಟಿದ್ದಾನೆ.

ಅನುಮಾನ ಒಳಗೆ ಬಂದದ್ದೇ ತಡ, ಪ್ರತಿ ಗೆರೆಯೂ ಅವನದೇ ಆಯಿತು. ಮೆಟ್ಟಿಲ ಕೈಹಿಡಿ ತಿರುವಿನಲ್ಲಿ ಬಾಗುವ ರೀತಿ ಅವನದು. ಕಿಟಕಿಯ ಪಕ್ಕ ಒಬ್ಬರೇ ಕೂರುವಷ್ಟು ಜಗಲಿ ಬಿಡುವುದು ಅವನಲ್ಲದೆ ಇನ್ಯಾರು. ಚಿಕ್ಕಂದಿನಲ್ಲಿ ಕಿಟಕಿಯ ಹತ್ತಿರ ಕೂರುವುದಕ್ಕೆ ಅವಳೊಡನೆ ಕಿತ್ತಾಡುತ್ತಿದ್ದವನು ತಾನೇ.

ಮುಂದಿನದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಇದು ಗೆಲ್ಲುತ್ತದೆ. ಲಕೋಟೆ ತೆರೆಯುತ್ತಾರೆ. ಒಳಗೆ ಸಂಘಟಕಿಯ ತಮ್ಮನ ಹೆಸರು. ನಕ್ಷೆ ರದ್ದು, ಅವನ ಹೆಸರಿಗೆ ಮಸಿ, ಇನ್ನು ಜನ್ಮದಲ್ಲಿ ಯಾವ ಸ್ಪರ್ಧೆಯವರೂ ಅವನನ್ನು ಹತ್ತಿರ ಸೇರಿಸುವುದಿಲ್ಲ. ಅವಳ ಕೆಲಸವಂತೂ ಹೋದ ಹಾಗೆಯೇ. ಅಕ್ಕ ಒಳಗಿದ್ದು ಗೆಲ್ಲಿಸಿದಳು ಎಂದು ಮುನ್ನೂರು ಜನ ಹೇಳಿದರೆ ಅಲ್ಲ ಎನ್ನಲು ಯಾರಿದ್ದಾರೆ. ಒಂದು ಫೋನ್ ಮಾಡಿ, ಲೋ, ಇದು ನಿಂದಾ ಎಂದು ಕೇಳಿದರೆ ತೀರಿತು. ಆದರೆ ಕೇಳಿದ ಕ್ಷಣದಲ್ಲೇ ಅವಳು ತಾನು ಬರೆದ ನಿಯಮವನ್ನು ತಾನೇ ಮುರಿದಂತೆ. ಉತ್ತರ ಏನೇ ಬರಲಿ, ಕೇಳಿದ್ದೇ ತಪ್ಪು.

ಅಷ್ಟರಲ್ಲಿ ಅಧ್ಯಕ್ಷರು ತಿರುಗಿ ಅವಳನ್ನೇ ನೋಡಿದರು. ಈ ಮೆಟ್ಟಿಲು ನೋಡಲು ಚೆನ್ನಾಗಿದೆ, ಬೆಂಕಿ ಬಿದ್ದರೆ ಜನ ಇಳಿಯುವುದಕ್ಕೆ ಸಾಕಾಗುತ್ತದೆಯೇ, ವರದಿ ಏನು ಹೇಳುತ್ತದೆ ಎಂದು ಕೇಳಿದರು.

ಉಳಿದವರೂ ತಿರುಗಿದರು. ಸ್ವಲ್ಪ ಅನುಮಾನವಿದೆ ಸಾರ್ ಎಂದರೆ ಸಾಕಿತ್ತು. ಅಷ್ಟೇ ಸಾಕಿತ್ತು. ಚಿತ್ರ ಸಿಗುವುದಿಲ್ಲ ಎಂದು ಮೊದಲೇ ಗೊಣಗುತ್ತಿದ್ದ ಮೂವರು ಆ ಮಾತನ್ನು ಹಿಡಿದುಕೊಂಡು ಇನ್ನೂರ ಹದಿನಾಲ್ಕನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದರು. ಲಕೋಟೆ ಎಂದಿಗೂ ತೆರೆಯುತ್ತಿರಲಿಲ್ಲ. ತಮ್ಮ ಉಳಿಯುತ್ತಿದ್ದ, ಅವಳೂ ಉಳಿಯುತ್ತಿದ್ದಳು. ಕಟ್ಟಡವೊಂದು ಸಾಯುತ್ತಿತ್ತು, ಅದು ಯಾರಿಗೂ ತಿಳಿಯುತ್ತಿರಲಿಲ್ಲ.

"ಸಾಕಾಗುತ್ತೆ," ಎಂದಳು. "ಹಿಂದುಗಡೆ ಇನ್ನೆರಡು ಕಡೆ ಮೆಟ್ಟಿಲಿದೆ. ನಾಲ್ಕರಲ್ಲಿ ಇದರದ್ದೇ ಸರಿಯಾಗಿರೋದು."

ಊಟಕ್ಕೆ ಬಿಟ್ಟಾಗ ಅವಳು ಊಟಕ್ಕೆ ಹೋಗಲಿಲ್ಲ. ಕಂಡಕ್ಟರುಗಳು ಚೀಲ ಒಪ್ಪಿಸುತ್ತಿದ್ದ ಸಣ್ಣ ಕೋಣೆಯಲ್ಲಿ ವಕೀಲರಮ್ಮ ಪೆಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು ಸೇಬು ಹೆಚ್ಚುತ್ತಿದ್ದರು. ಬಾಗಿಲು ಮುಚ್ಚಿ ನಿಂತವಳ ಮುಖ ನೋಡಿ, ಏನು, ಯಾರಾದ್ರೂ ಸತ್ರಾ ಎಂದರು. ಅವಳು ಎಲ್ಲವನ್ನೂ ಹೇಳಿದಳು. ಅಪ್ಪನ ಭುಜ, ತಮ್ಮನ ಮಾತು, ಮೆಟ್ಟಿಲ ಬಗ್ಗೆ ಬಾಯಿಯವರೆಗೆ ಬಂದು ನಿಂತ ಸುಳ್ಳು, ಒಂದನ್ನೂ ಬಿಡಲಿಲ್ಲ.

ವಕೀಲರಮ್ಮ ಸೇಬಿನ ಹೋಳೊಂದನ್ನು ಅವಳ ಕೈಗಿಟ್ಟರು. "ನಿಂಗೆ ಗೊತ್ತಾ, ಇಲ್ಲ ಬರೀ ಅನುಮಾನಾನಾ?"

"ನಮ್ಮಪ್ಪನ್ನ ನಾನು ಗುರುತು ಹಿಡಿಯಲ್ವಾ ಮೇಡಂ?"

"ಅಪ್ಪನ್ನ ಹಿಡಿದಿದೀಯ. ತಮ್ಮ ಇನ್ನೂ ಸಿಕ್ಕಿಲ್ಲ."

"ಬೇರೆ ಯಾರು ನಮ್ಮಪ್ಪನ್ನ ಬರೀತಾರೆ?"

"ಅದು ನಂಗೂ ತಿಳೀದು. ಈಗ ಪೆಟ್ಟಿಗೆ ತೆಗೆದು ನೋಡೋಣ ಅಂತ ಬಂದಿದ್ರೆ, ಆಸೆ ಬಿಡು. ಮೇಯರ್ರೇ ಬಂದು ಕಾಲು ಹಿಡಿದ್ರೂ ಸಹಿ ಆಗೋಕೆ ಮುಂಚೆ ತೆಗೆಯಲ್ಲ."

ತೆಗೀಬೇಡಿ, ನನ್ನನ್ನು ಹೊರಗೆ ಕೂರಿಸಿ ಎಂದಳು ಅವಳು. ವಕೀಲರಮ್ಮ ಇನ್ನೊಂದು ಹೋಳು ಹೆಚ್ಚುತ್ತ ದಾರಿ ಹೇಳಿದರು. ತೀರ್ಪುಗಾರರಿಗೆ ಈ ವಿಷಯ ಹೇಳುವಂತಿಲ್ಲ, ಹೇಳಿದರೆ ಆ ನಕ್ಷೆಯ ಮೇಲೆ ಹೆಸರು ಬರೆದಂತೆಯೇ. ಹಾಗಾಗಿ ಮೈ ಸರಿಯಿಲ್ಲ ಎಂದು ಹೆಡ್‌ಮಿಸ್ ಹೊರಗಿರಲಿ, ವರದಿಯನ್ನು ಇಂಜಿನಿಯರ್ ಓದಲಿ. ಲಕೋಟೆಯಲ್ಲಿ ತಮ್ಮ ಬಂದರೆ ಇನ್ನೂರ ಹದಿನಾಲ್ಕು ಬಿದ್ದುಹೋಗುತ್ತದೆ, ಎರಡನೆಯದು ಮೊದಲಾಗುತ್ತದೆ. ನಿನ್ನ ಕೆಲಸದ ಮಾತು ಆಮೇಲೆ ಎಂದರು. ಮೈ ಸರಿಯಿಲ್ಲ ಅನ್ನುವುದು ಸುಳ್ಳಲ್ಲವೇ ಎಂದು ಅವಳು ಕೇಳಿದ್ದಕ್ಕೆ, ಕನ್ನಡಿ ನೋಡ್ಕೊಂಡು ಬಾ ಹೋಗು ಎಂದರು.

ಡಿಪೋದ ಅಂಗಳದಲ್ಲಿ, ಬಸ್ಸು ತೊಳೆಯುತ್ತಿದ್ದ ಕಟ್ಟೆಯ ಮೇಲೆ ಅವಳು ಕೂತಳು. ಒಳಗಿನ ಮಾತು ಕೇಳುತ್ತಿರಲಿಲ್ಲ, ಕುರ್ಚಿ ಎಳೆಯುವ ಸದ್ದು ಮಾತ್ರ. ಒಮ್ಮೆ ಇಂಜಿನಿಯರ್ ಹೊರಬಂದು, ಗುದ್ದಾಟ ಜೋರಾಗಿದೆ, ಗ್ರಂಥಪಾಲಕಿ ಒಬ್ಬರೇ ಮೂವರ ನೀರಿಳಿಸುತ್ತಿದ್ದಾರೆ ಎಂದು ಹೇಳಿ, ಯಾವುದರ ಪರವಾಗಿ ಎಂದು ಹೇಳದೆ, ಶೌಚಾಲಯಕ್ಕೆ ಹೋಗಿ ಬಂದ.

ಬಿಸಿಲು ಗೋಡೆ ಹತ್ತುತ್ತಿತ್ತು. ತಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳು ಎಷ್ಟು ಸಲ ಶುರುಮಾಡಿದರೂ ಸಿಟ್ಟು ಅರ್ಧ ದಾರಿಯಲ್ಲೇ ಕಾಲು ಬದಲಿಸಿ ಬೇರೇನೋ ಆಗುತ್ತಿತ್ತು. ಎಂಥ ಕಟ್ಟಡ ಮಾಡಿದ್ದಾನೆ ಹಡಬೆ. ಬೀದಿಯನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದಿದ್ದಾನೆ. ಇಷ್ಟು ವರ್ಷ ಶೌಚಾಲಯ ಬರೆಯುತ್ತ ಇದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ. ಇದು ಗೆಲ್ಲಬಾರದು ಎಂದು ಬೇಡಿಕೊಳ್ಳಲು ಹೊರಟರೆ ಬಾಯಿ ಬರಲಿಲ್ಲ. ಗೆಲ್ಲಲಿ ಎಂದು ಬೇಡಿಕೊಳ್ಳಲು ಧೈರ್ಯ ಬರಲಿಲ್ಲ. ಕಟ್ಟೆಯ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಕೂತಳು.

ಸಂಜೆಯ ಹೊತ್ತಿಗೆ ಒಳಗಿನಿಂದ ಕರೆ ಬಂತು. ಸಹಿಯಾಗಿತ್ತು. ಮೊದಲನೆಯದು ಇನ್ನೂರ ಹದಿನಾಲ್ಕು.

ಐವರೂ ಸುಸ್ತಾಗಿ, ಜಗಳವಾಡಿ ರಾಜಿಯಾದ ಮನೆಯವರ ಹಾಗೆ ಕೂತಿದ್ದರು. ವಕೀಲರಮ್ಮ ಕುತ್ತಿಗೆಯ ದಾರ ತೆಗೆದು ಪೆಟ್ಟಿಗೆಯ ಬೀಗ ತೆರೆದರು. ಲಕೋಟೆ ಹುಡುಕಿದರು, ಸಂಖ್ಯೆಯನ್ನು ಅಧ್ಯಕ್ಷರಿಗೆ ತೋರಿಸಿದರು, ಸೇಬು ಹೆಚ್ಚಿದ ಚಾಕುವಿನಿಂದಲೇ ಅಂಚನ್ನು ಸೀಳಿದರು. ಹೆಡ್‌ಮಿಸ್ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದಳು. ವಕೀಲರಮ್ಮ ಚೀಟಿಯನ್ನು ಮೌನವಾಗಿ ಒಮ್ಮೆ ಓದಿ, ಕನ್ನಡಕದ ಮೇಲಿನಿಂದ ಬಾಗಿಲ ಕಡೆ ನೋಡಿದರು.

"ಇಬ್ಬರು," ಎಂದರು. "ಇಬ್ಬರೂ ಹೆಂಗಸರು."

ಸಭೆಯಲ್ಲಿ ಇಂಥ ಮಾತನ್ನು ಮೊದಲು ಹೇಳುವ ಪದ್ಧತಿಯಿಲ್ಲ. ಮೊದಲು ಹೆಸರು, ಆಮೇಲೆ ಊರು. ಅಧ್ಯಕ್ಷರು ಹುಬ್ಬೇರಿಸಿದರು. ಹೆಡ್‌ಮಿಸ್ಸಿಗೆ ಮಾತ್ರ ಆ ಮಾತು ಯಾರಿಗಾಗಿ ಬಂತೆಂದು ತಿಳಿಯಿತು. ಆದರೆ ತಮ್ಮ ಅವರ ಕೈಕೆಳಗೆ ಸೇರಿಕೊಂಡಿರಬಹುದಲ್ಲ.

"ಸಹಾಯಕರು?" ಎಂದಳು. ಯಾರೂ ಕೇಳದೆ ಅವಳು ಮಾತಾಡಿದ್ದು ಆ ಸಭೆಯಲ್ಲಿ ಅದೇ ಮೊದಲು.

ವಕೀಲರಮ್ಮ ಚೀಟಿಯ ಕೆಳಭಾಗವನ್ನು ಬೆರಳಿಟ್ಟು ಓದಿದರು. ಕಚೇರಿಯ ಹೆಸರು, ಸಹಾಯಕರ ಹೆಸರು, ಒಂದೊಂದಾಗಿ, ಗಟ್ಟಿಯಾಗಿ, ಕಿವುಡರಿಗೆ ಓದುವಂತೆ. ಯಾವುದೂ ಅವನದಲ್ಲ. ಅವನು ಕೆಲಸ ಮಾಡುವ ಕಚೇರಿಯದೂ ಅಲ್ಲ, ಆ ದೇಶದ್ದೂ ಅಲ್ಲ. ಅಧ್ಯಕ್ಷರು ಆ ಇಬ್ಬರ ಹೆಸರನ್ನು ಎಂದೂ ಕೇಳಿರಲಿಲ್ಲವಂತೆ. ಅದಕ್ಕೇ ಅವರಿಗೆ ಹಿಡಿಸಲಾರದಷ್ಟು ಖುಷಿ. ನೋಡಿ, ಇದಕ್ಕೇ ಸ್ಪರ್ಧೆ ಮಾಡೋದು ಎಂದು ಎಲ್ಲರ ಕೈ ಕುಲುಕುತ್ತ ಬಂದರು. ಹೆಡ್‌ಮಿಸ್ ಅಷ್ಟರಲ್ಲಿ ಹಲಗೆಗಳ ರಟ್ಟಿನ ಕಟ್ಟೊಂದರ ಮೇಲೆ ಕುಸಿದು ಕೂತಿದ್ದಳು. ಗ್ರಂಥಪಾಲಕಿ ಓಡಿಬಂದು ನೀರು ಕುಡಿಸಿ, ಜ್ವರ ಇದೆಯೇನೋ ಎಂದು ಹಣೆ ಮುಟ್ಟಿ ನೋಡಿದರು. ಜ್ವರ ಬಿಡ್ತು ಬಿಡಿ ಎಂದರು ವಕೀಲರಮ್ಮ.

ಅಂಗಳದಲ್ಲಿ ಪತ್ರಕರ್ತರಿಗೆ ಫಲಿತಾಂಶ ಹೇಳಿ, ಫೋಟೋ ತೆಗೆಸಿ, ಎಲ್ಲರೂ ಹೊರಟ ಮೇಲೆ ಅವಳು ವಕೀಲರಮ್ಮ ವಾಪಸು ಕೊಟ್ಟ ಫೋನು ಹಿಡಿದುಕೊಂಡು ಒಳಗೆ ಹೋದಳು. ತಮ್ಮನಿಗೆ ಕರೆ ಮಾಡಿದಳು, ಅಲ್ಲಿ ಈಗ ಮಧ್ಯಾಹ್ನವಿರಬೇಕು. ಅವನು ಏನನ್ನೋ ಅಗಿಯುತ್ತ ಫೋನೆತ್ತಿ, ಅಪ್ಪಂಗೆ ಏನಾಯ್ತು ಎಂದ.

"ಅಪ್ಪಂಗೇನಾಗಿಲ್ಲ. ಅಪ್ಪ ಗೆದ್ದಿದಾರೆ," ಎಂದು ಶುರುಮಾಡಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಿದ.

"ಅಯ್ಯೋ ಅಕ್ಕ. ಆ ಚಿತ್ರ ನಾನು ಯಾವಾಗ್ಲೋ ಬಿಟ್ಟಿ ಬಿಟ್ಟಿದೀನಿ."

ಆಳುಗಳ ಚಿತ್ರಗಳನ್ನು ವಾಸ್ತುಶಿಲ್ಪಿಗಳು ಈಗ ಯಾರೂ ಬರೆಯುವುದಿಲ್ಲವಂತೆ. ಇಂಟರ್‌ನೆಟ್ಟಿನಲ್ಲಿ ಹಾಗೇ ಸಿಗುತ್ತವೆ, ಇಳಿಸಿಕೊಂಡು ಅಂಟಿಸುತ್ತಾರೆ. ಎಲ್ಲ ಕಡೆ ಅದೇ ಸೈಕಲ್ ಹುಡುಗಿಯರನ್ನು ನೋಡಿ ಬೇಸತ್ತು, ಒಂದು ದಿನ ಇವನು ಅಪ್ಪನನ್ನೂ ಅಲ್ಲಿ ಹಾಕಿದ್ದ, ಯಾರು ಬೇಕಾದರೂ ಬಳಸಲಿ ಎಂದು. ಜನ ಮುಗಿಬಿದ್ದು ಇಳಿಸಿಕೊಂಡಿದ್ದರು. ಅವಳು ನಕ್ಷೆ ಬರೆಯುವುದನ್ನು ಬಿಟ್ಟು, ಬರೆಸುವುದಕ್ಕೆ ಹತ್ತಿ ಎಷ್ಟೋ ವರ್ಷವಾದ್ದರಿಂದ ಈ ಲೋಕವೇ ಅವಳಿಗೆ ಗೊತ್ತಿರಲಿಲ್ಲ. ಒಂದು ವಿಮಾನ ನಿಲ್ದಾಣದಲ್ಲಿ ಅಪ್ಪನನ್ನು ನೋಡಿದ್ದೇನೆ, ಒಂದು ಈಜುಕೊಳದಲ್ಲೂ, ಪ್ಯಾಂಟು ಹಾಕಿಕೊಂಡೇ, ಎಂದ ತಮ್ಮ. ನಿನ್ನ ಡಿಪೋದಲ್ಲೇ ಇನ್ನೂ ಇರ್ತಾರೆ, ಹುಡುಕು.

ಅವಳು ಫೋನು ಕಿವಿಗಿಟ್ಟುಕೊಂಡೇ ಹಿಂದಿನ ಸಾಲುಗಳಿಗೆ ಹೋದಳು. ವಿಸ್ತೀರ್ಣ ಅಳೆಯುವ ಕಣ್ಣಿಗೆ ಅಷ್ಟು ದಿನ ಕಾಣದವನು ಈಗ ಸಾಲು ಹಿಡಿದು ಕಂಡ. ಶಂಖದಂತೆ ಸುತ್ತಿಕೊಂಡು ಮೇಲೇರಿದ ಒಂದು ಗೋಪುರದ ಬುಡದಲ್ಲಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ ಅಪ್ಪ. ಗಾಜಿನ ಸೇತುವೆಯೊಂದರ ಮೇಲೆ ಕಪ್ಪು ನೆರಳಾದ ಅಪ್ಪ. ಒಬ್ಬರು ಅಪ್ಪನ ತಲೆಗೆ ಟೋಪಿ ತೊಡಿಸಿದ್ದರು, ಇನ್ನೊಬ್ಬರು ಜೊತೆಗೊಂದು ನಾಯಿ ಕೊಟ್ಟಿದ್ದರು. ಎರಡು ಕಡೆ ಅಪ್ಪನ ಪಕ್ಕದಲ್ಲೇ ಇನ್ನೊಬ್ಬ ಅಪ್ಪ ನಿಂತಿದ್ದ. ಸಿಕ್ಕಿದ ಪ್ರತಿ ಅಪ್ಪನನ್ನೂ ಅವಳು ತಮ್ಮನಿಗೆ ವರದಿ ಮಾಡುತ್ತ ಹೋದಳು. ಖಾಲಿ ಡಿಪೋದಲ್ಲಿ ಅವಳ ನಗು ಅವಳಿಗೇ ದೊಡ್ಡದಾಗಿ ಕೇಳಿ, ಬಾಯಿ ಮುಚ್ಚಿಕೊಂಡು, ಮತ್ತೆ ನಕ್ಕಳು.

ಅವನೂ ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿದ.

"ಅಕ್ಕ, ನಾನು ಕಳಿಸಿರ್ಲಿಲ್ಲ. ನೀನು ಬೇಡ ಅಂದಿದ್ಯಲ್ಲ."

ಗೊತ್ತಾಯಿತು, ಅನುಮಾನಪಟ್ಟದ್ದು ನನ್ನ ತಪ್ಪು ಎಂದಳು ಅವಳು.

"ಅದಲ್ಲ. ಆ ಕಟ್ಟಡ. ಮೊದಲನೇದು ಬಂತಲ್ಲ, ಅದು. ಅದನ್ನ ನೋಡಿ ನಾನು ಮಾಡಿರೋದು ಅನ್ಕೊಂಡ್ಯಾ?"

"ಹೂಂ."

"ಅಪ್ಪನ ಚಿತ್ರ ಇತ್ತು ಅಂತ."

"ಚಿತ್ರದಿಂದ ಅನುಮಾನ ಬಂತು. ಆಮೇಲೆ ಕಟ್ಟಡ ನೋಡಿದೆ. ಕೈಹಿಡಿ ನೋಡಿದೆ, ಕಿಟಕಿ ನೋಡಿದೆ. ಸಂಶಯಾನೇ ಉಳೀಲಿಲ್ಲ ಕಣೋ."

ಅವನು ಮೂಗು ಎಳೆದುಕೊಂಡದ್ದು ಕೇಳಿಸಿತು, ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ ಸದ್ದು.

"ಹೇಗಿದೆ ಹೇಳು," ಎಂದ. "ಪೂರ್ತಿ ಹೇಳು. ಬೀದಿಯಿಂದ ಶುರುಮಾಡು."

ಈಗ ಹೇಳಬಹುದಾಗಿತ್ತು. ಒಂದೂವರೆ ವರ್ಷದಿಂದ ಯಾರಿಗೂ ಏನನ್ನೂ ಹೇಳದೆ ಬಿಗಿದುಕೊಂಡಿದ್ದ ಬಾಯಿಗೆ, ಹೇಳಬಹುದು ಎಂಬ ಮಾತೇ ಸಿಹಿಯಾಗಿತ್ತು. ಅವಳು ಅಧ್ಯಕ್ಷರ ಕುರ್ಚಿಯನ್ನು ಎಳೆದು ತಂದು ಇನ್ನೂರ ಹದಿನಾಲ್ಕರ ಎದುರಿಗೆ ಹಾಕಿಕೊಂಡಳು. ಚಪ್ಪಲಿ ಕಳಚಿ, ಕಾಲು ಮೇಲಿಟ್ಟುಕೊಂಡು, ಬೀದಿಯ ಎಡಗಡೆ ಒಂದು ಮರ ಇದೆ, ಅದನ್ನು ಕಡಿದಿಲ್ಲ, ಎಂದು ಹೇಳತೊಡಗಿದಳು.